ಉತ್ತರ ಕೊಟ್ಟದ್ದು ಗೌರಿ

ನಮ್ಮ ಹಟ್ಟಿಯ ಗೌರಿಗೆ ಮುನಿಸಿದೆ, ಮಾನವಿದೆ, ಕರುಳಿದೆ. ಮನೆಯಲ್ಲಿ ಯಾರು ಕೈಬಿಚ್ಚಿ ಹಿಂಡಿ ಹಾಕುತ್ತಾರೆ, ಯಾರು ಅಕ್ಕಚ್ಚಿಗೆ ನೀರು ಬೆರೆಸುತ್ತಾರೆ ಎಂಬ ಲೆಕ್ಕವೂ ಇದೆ. ಇಷ್ಟನ್ನೂ ಗೌರಿ ಹೇಳಿದ್ದಲ್ಲ, ನಮ್ಮಬ್ಬಿ ಹೇಳಿದ್ದು. ಇತ್ತ ಚಾವಡಿಯಲ್ಲಿ ಬೆಂಗಳೂರಿನ ಮಗ ತಂದಿಟ್ಟ ಮಾತಾಡುವ ಡಬ್ಬಿ. ದಿನವಿಡೀ ಮಾತಾಡಿದರೂ ಅದಕ್ಕೆ ಒಳಗೆ ಏನೂ ಇಲ್ಲವಂತೆ. ಇದು ಮಗನ ತೀರ್ಪು. ಮಾತಾಡದ್ದಕ್ಕೆ ಅಷ್ಟೆಲ್ಲ, ಮಾತಾಡುವುದಕ್ಕೆ ಸೊನ್ನೆ! ಈ ಪಾಲುಪಟ್ಟಿ ನನಗೆ ಸರಿಕಾಣದೆ, ಡಬ್ಬಿಯನ್ನು ಬಹುವಚನದಲ್ಲೇ ಕರೆಯುತ್ತಿದ್ದೇನೆ. ಅದರ ಚಾಡಿ ಹೇಳಬೇಕಿದ್ದರೆ ಜಗುಲಿಗೆ ಎದ್ದು ಹೋಗುತ್ತೇನೆ.

ಮೊನ್ನೆ ಅಂಗಳದ ತುಂಬ ಹಲಸಿನ ಹಪ್ಪಳ. ಕಡಲ ಕಡೆ ಮೋಡ. "ಹ್ವಾಯ್, ಮಳಿ ಬತ್ತಾ?" ಎಂದೆ. ಡಬ್ಬಿಯ ನೆತ್ತಿಯಲ್ಲಿ ನೀಲಿ ದೀಪ ಸುತ್ತಿತು, ಆರಿತು. ಕುಂದಗನ್ನಡ ಸೇರಲಿಲ್ಲವೇನೋ ಎಂದು ಗಂಟಲು ಸರಿಮಾಡಿಕೊಂಡು, ಆಕಾಶವಾಣಿಯ ವಾರ್ತೆ ಓದುವವರ ಹಾಗೆ, "ಇಂದು ಕುಂದಾಪುರದಲ್ಲಿ ಮಳೆಯಾಗುವ ಸಾಧ್ಯತೆ ಇದೆಯೇ?" ಎಂದೆ. ಡಬ್ಬಿ 'ಮುಂಗಾರು ಮಳೆ' ಸಿನಿಮಾದ ಹಾಡು ಹಾಕಿತು. ಅದೇ ಗಳಿಗೆಗೆ ಹಟ್ಟಿಯಿಂದ ಗೌರಿ, "ಅಂಬಾ!"

"ಕಾಣ್, ಮಳಿ ಬತ್ತ್ ಅಂತ ಗೌರಿ ಹೇಳ್ತಾ ಇತ್ತ್. ಹಪ್ಳ ಒಳ್ಗ್ ಹಾಕ್," ಎಂದರು ಅಬ್ಬಿ. ಬೇಲಿಯಾಚೆಯಿಂದ ಅಣ್ಣಯ್ಯ, "ಮಳಿಗಲ್ಲ, ಪದ್ಯ ಕೇಂಡ್ ಕೂಗ್ತಾ ಇತ್ತ್" ಎಂದರು. ಹಸಿವು ಎಂದಳು ಹೆಂಡತಿ. ಪರೀಕ್ಷೆಯಾಗಲಿ ಎಂದು ನಾನು ಹಾಡು ನಿಲ್ಲಿಸಿದೆ. ಗೌರಿ ಸುಮ್ಮನಾಯಿತು. ಹಾಕಿದೆ. ಆಗಲೂ ಸುಮ್ಮನೆ. ನಿಲ್ಲಿಸಿದೆ. "ಅಂಬಾ!" ಹಾಗಾದರೆ ಹಾಡು ನಿಂತದ್ದಕ್ಕೆ ಬೇಸರ ಎಂದರು ಅಣ್ಣಯ್ಯ. ಗಾಯಕ ಬದಲಾದರೆ ಹೇಗೆಂದು ನೋಡಲು ಹೊರಟೆ. ಯಕ್ಷಗಾನದ ಪದ ಹಾಕಿದರೆ ಕಿವಿ ನಿಮಿರಿತು ಎಂದು ಅಬ್ಬಿ, ಅದು ನೊಣಕ್ಕೆ ಎಂದು ಹೆಂಡತಿ. ನಾವು ನಾಲ್ವರೂ ಹಟ್ಟಿಯ ಬಾಗಿಲಲ್ಲಿ ನಿಂತು ಒಂದು ಕಿವಿಗೆ ತಾಳಮದ್ದಳೆ ನಡೆಸುತ್ತಿದ್ದಾಗ ಮಳೆ ಬಂದೇ ಬಂತು. ಹಪ್ಪಳವೆಲ್ಲ ಹಿಟ್ಟಿನ ರೂಪಕ್ಕೆ ಮರಳಿತು.

ಗೌರಿ ಗೆದ್ದಿತೆಂದು ಅಬ್ಬಿ ಬೀಗಿದರು. ನಾನು ಬಿಡಲಿಲ್ಲ: ಡಬ್ಬಿಯೂ ಮಳೆಯ ಹಾಡನ್ನೇ ಹಾಕಿದ್ದರಲ್ಲ, ತಾಳಮದ್ದಳೆಯ ನುರಿತ ಅರ್ಥಧಾರಿಗಳಂತೆ ಸೂಚಿಸಿ ಸುಮ್ಮನಾದರು!

ಹೀಗೆ ಇನ್ನೊಂದರ ಮನಸ್ಸು ಓದಲು ಹೊರಟವರು ನಾವೇ ಮೊದಲಲ್ಲ. ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಕೇಳಿದರೆ ಗೊರಸು ತಟ್ಟಿ ಉತ್ತರ ಹೇಳುತ್ತಿತ್ತು. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುವುದಿಲ್ಲ ಎಂದು 1907ರಲ್ಲಿ ಆಸ್ಕರ್ ಫುಂಗ್ಸ್ಟ್ ತೋರಿಸಿದ. ಎದುರಿಗಿದ್ದವರು ತಮಗರಿವಿಲ್ಲದೆ ತಲೆ ಕದಲಿಸುವುದನ್ನು ನೋಡಿ ಅದು ತಟ್ಟುವುದನ್ನು ನಿಲ್ಲಿಸುತ್ತಿತ್ತು. ಅಷ್ಟಕ್ಕೇ ಜನ ಕುದುರೆಯನ್ನು ದಡ್ಡನೆಂದರು. ಕೂಡುವ ಕಳೆಯುವ ಲೆಕ್ಕಕ್ಕಿಂತ ಹಾಗೆ ತಲೆಯ ಕದಲಿಕೆ ಓದುವುದು ಕಷ್ಟದ ವಿದ್ಯೆ, ಮಾರಾಯ್ರೆ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಬರೆದ ಎಲಿಜಾ ಎಂಬ ಪ್ರೋಗ್ರಾಮು ಹೆಚ್ಚಾಗಿ ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ಕೂತಾಗ, ಸ್ವಲ್ಪ ಹೊರಗೆ ಹೋಗಿ ಎಂದರಂತೆ. ಆ ಅಮ್ಮ ನಮ್ಮ ಜಗುಲಿಗೆ ಬಂದರೆ ಮಣೆ ಹಾಕುತ್ತೇನೆ.

ಕಂಬಳದ ಕೋಣದ ಮನಸ್ಸಂತೂ ಕೋರ್ಟು ಹತ್ತಿತು. 2016ರಲ್ಲಿ ಹೈಕೋರ್ಟಿನ ತಡೆ, 2017ರಲ್ಲಿ ರಾಜ್ಯದ ತಿದ್ದುಪಡಿ, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದ ಒಪ್ಪಿಗೆ. ಕೋಣದ ಅದೇ ಕಣ್ಣಿನಲ್ಲಿ ಒಬ್ಬರಿಗೆ ಹುರುಪು ಕಂಡಿತು, ಇನ್ನೊಬ್ಬರಿಗೆ ಭಯ. ಬೆನ್ನ ಮೇಲೆ ಬಾಸುಂಡೆ ಇದ್ದರೆ ಅದರ ಅರ್ಥ ಹೇಳಲು ಅರ್ಥಧಾರಿ ಬೇಕಾಗಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಇದನ್ನು ಗಟ್ಟಿಯಾಗಿ ಹೇಳಿದರೆ ವಂಡಾರು ಕಂಬಳದ ದಿನ ನನ್ನ ಪಕ್ಕ ಯಾರೂ ನಿಲ್ಲುವುದಿಲ್ಲ.

ರಾತ್ರಿ ಮಗನಿಗೆ ಫೋನು ಮಾಡಿ ಡಬ್ಬಿಯ ಪರ ವಾದಿಸಿದೆ. ತನ್ನ ಹೆಸರು ಕೇಳಿದಾಗ ಅದು ಎಚ್ಚರಾಗುತ್ತದೆ, ನಮ್ಮ ದನಿಯನ್ನು ಎಲ್ಲಿಯದೋ ಸರ್ವರಿಗೆ ಕಳಿಸುತ್ತದೆ, ಅಲ್ಲಿ ದನಿ ಅಕ್ಷರವಾಗಿ, ಕೇಳಿದ್ದೇನೆಂಬ ಅಂದಾಜಾಗಿ ವಾಪಸು ಬರುತ್ತದೆ ಎಂದು ಅವನು ತಾಳ್ಮೆಯಿಂದ ವಿವರಿಸಿದ. "ಅಪ್ಪಯ್ಯ, ಅದ್ಕೆ ಮನ್ಸ್ ಅಂತ ಇಲ್ಲ."

"ಗೌರಿಗೆ ಇತ್ತಾ?"

"ಇತ್ತಲೆ!"

"ಹ್ಯಾಂಗ್ ಗೊತ್ತ್?"

"ಅಜ್ಜಿ ಹೇಳ್ತ್ರಲೆ."