ಬೆಳಿಗ್ಗೆ ಹೋಗಿ ಸಂಜೆ ಬರುವ ಆಫ್ರಿಕಾ

ಸ್ಪೇನಿನ ತರೀಫಾದಲ್ಲಿ ಬೆಳಿಗ್ಗೆ ಫೆರ್ರಿ ಹತ್ತಿ, ಮೊರಾಕ್ಕೊದ ಟ್ಯಾಂಜಿಯರ್‌ನಲ್ಲಿಳಿದು, ಗೈಡಿನ ಬೆನ್ನು ಹಿಡಿದು ಊರು ಸುತ್ತಿ, ಕತ್ತಲಾಗುವುದರೊಳಗೆ ಮರಳಿಬರುವ ಪ್ರವಾಸವು ಖಂಡ ದಾಟುವ ಯಾತ್ರೆಗಳಲ್ಲಿ ಬಲು ಚಿಕ್ಕದು. ಇಸ್ತಾಂಬುಲಿನ ಜನ ದಿನವೂ ಆಫೀಸಿಗೆಂದು ಯುರೋಪಿನಿಂದ ಏಷ್ಯಾಕ್ಕೆ ದಾಟುತ್ತಾರೆ, ನಿಜ. ಆದರೆ ನೌಕರಿಗೆ ಹೋಗುವುದನ್ನು ಯಾತ್ರೆ ಎನ್ನಲಾಗದಾದ್ದರಿಂದ ಅವರನ್ನು ಬಿಡಬಹುದು. ತರೀಫಾ ಮತ್ತು ಟ್ಯಾಂಜಿಯರ್ ನಡುವೆ ಇರುವುದು ಜಿಬ್ರಾಲ್ಟರ್ ಜಲಸಂಧಿ. ಅತಿ ಕಿರಿದಾದ ಕಡೆ ಅದರ ಅಗಲ ಸುಮಾರು 14 ಕಿಲೋಮೀಟರ್. ಆಕಾಶ ತಿಳಿಯಾಗಿದ್ದರೆ ಆಚೆ ದಡದ ಬೆಟ್ಟಗಳು ತರೀಫಾದ ಕಾಫಿ ಅಂಗಡಿಯಲ್ಲಿ ಕೂತವರಿಗೂ ಕಾಣುತ್ತವೆ. ಕಣ್ಣಿಗೆ ಕಾಣುವ ಊರಿಗೆ ಹೋಗಲು ಗೈಡು ಏಕೆ ಬೇಕು ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಅದಕ್ಕೆ ಉತ್ತರ ಸಿಗುವ ಹೊತ್ತಿಗೆ ಹಣ ಕಟ್ಟಿ ಆಗಿರುತ್ತದೆ.

ತರೀಫಾ ಗಾಳಿಯ ಊರು. ಪೂರ್ವದಿಂದ ಬೀಸುವ ಗಾಳಿಗೆ ಲೆವಾಂತೆ, ಪಶ್ಚಿಮದಿಂದ ಬೀಸುವುದಕ್ಕೆ ಪೊನಿಯೆಂತೆ ಎಂದು ಹೆಸರು. ಎರಡರಲ್ಲಿ ಒಂದು ಸದಾ ಹಾಜರಿರುತ್ತದೆ. ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು. ಕೆಳಗೆ ದೊಡ್ಡ ಗಾಳಿಪಟಕ್ಕೆ ಸೊಂಟ ಕಟ್ಟಿಕೊಂಡು ಅಲೆಗಳ ಮೇಲೆ ಜಾರುವ ಯುವಕರು. ಗಾಳಿಯಿಂದ ಲಾಭವಿಲ್ಲದವರು ಫೆರ್ರಿಯವರು ಮಾತ್ರ. ಲೆವಾಂತೆ ಕೆರಳಿದ ದಿನ ಹಡಗು ಹೊರಡುವುದಿಲ್ಲ. ಅಂಥ ದಿನ ಆಫ್ರಿಕಾಕ್ಕೆ ಹೊರಟವರು ಊರ ತುದಿಯ ದ್ವೀಪಕ್ಕೆ ಹೋಗುವ ಕಲ್ಲುಹಾದಿಯಲ್ಲಿ ನಿಂತು, ಒಂದು ಪಕ್ಕಕ್ಕೆ ಮುಖ ಮಾಡಿ ಅಟ್ಲಾಂಟಿಕ್ ಸಾಗರವನ್ನೂ ಇನ್ನೊಂದು ಪಕ್ಕಕ್ಕೆ ತಿರುಗಿ ಮೆಡಿಟರೇನಿಯನ್ ಸಮುದ್ರವನ್ನೂ ನೋಡಿ ಸಮಾಧಾನಪಡುತ್ತಾರೆ. ಎರಡೂ ಕಡೆ ನೀರು ಒಂದೇ ಥರ ಕಾಣುತ್ತದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಯುರೋಪಿನ ಪ್ರವಾಸಿಗೆ ಪಾಸ್‌ಪೋರ್ಟ್ ಒಂದಿದ್ದರೆ ಸಾಕು. ಭಾರತೀಯರ ವಿಷಯ ಹಾಗಲ್ಲ. ಮೊರಾಕ್ಕೊಗೆ ಬೇರೆ ವೀಸಾ ಬೇಕು. 2022ರಿಂದ ಅದನ್ನು ಆನ್‌ಲೈನ್‌ನಲ್ಲೇ ಪಡೆಯಬಹುದು. ಅದಕ್ಕಿಂತ ಮುಖ್ಯವಾದದ್ದು ಸ್ಪೇನಿಗೆ ಬರಲು ಪಡೆದ ಷೆಂಗೆನ್ ವೀಸಾದ ಮೇಲಿನ ಒಂದು ಸಣ್ಣ ಅಂಕಿ. ಎಷ್ಟು ಸಲ ಒಳಬರಬಹುದು ಎಂಬುದನ್ನು ಅದು ಹೇಳುತ್ತದೆ. ಅಲ್ಲಿ ‘1’ ಎಂದಿದ್ದರೆ, ಆಚೆ ದಡಕ್ಕೆ ಹೋದವರಿಗೆ ಬರುವಾಗ ಯುರೋಪು ಮುಗಿದಿರುತ್ತದೆ. ಬಟ್ಟೆಬರೆಯ ಪೆಟ್ಟಿಗೆ ಮಾತ್ರ ಸ್ಪೇನಿನ ಹೋಟೆಲಿನಲ್ಲಿ ಆರಾಮವಾಗಿರುತ್ತದೆ. ಆದ್ದರಿಂದ ಬೆಂಗಳೂರಿನಿಂದ ಹೋದ ಜಾಗರೂಕ ಕುಟುಂಬಗಳಲ್ಲಿ ಫೈಲು ಹಿಡಿಯುವ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಸಮುದ್ರ ಕಾಣುವುದಿಲ್ಲ, ಫೈಲಿನ ಜಿಪ್ ಮಾತ್ರ ಕಾಣುತ್ತದೆ.

ಬರಿಯ ಫೆರ್ರಿಗೆ ಹೋಗಿಬರುವ ಟಿಕೆಟ್ಟಿನ ಬೆಲೆಯನ್ನೂ, ಬಸ್ಸು, ಗೈಡು, ಊಟ ಎಲ್ಲ ಸೇರಿದ ಪ್ರವಾಸದ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಂತರ ಅಷ್ಟೇನೂ ಇರುವುದಿಲ್ಲ. ಇದನ್ನು ಕಂಡು ಮೊದಲು ಸಂತೋಷವಾಗುತ್ತದೆ. ಆಮೇಲೆ ಸಂಶಯ ಬರಬೇಕು, ಆದರೆ ಬರುವುದಿಲ್ಲ. ಇಷ್ಟು ಅಗ್ಗಕ್ಕೆ ಊಟ ಹಾಕಿ ಊರು ತೋರಿಸುವ ಖರ್ಚು ಹುಟ್ಟುವುದು ಮಧ್ಯಾಹ್ನದ ಅಂಗಡಿಗಳಲ್ಲಿ. ಅಲ್ಲಿ ಮಾರಾಟವಾದದ್ದರಲ್ಲಿ ಒಂದು ಪಾಲು ಕರೆತಂದವರಿಗೆ ಸಲ್ಲುತ್ತದೆ. ಪ್ರವಾಸಿ ತಾನು ಸರಕು ನೋಡಲು ಬಂದವನೆಂದು ತಿಳಿದಿರುತ್ತಾನೆ. ಲೆಕ್ಕದ ಪುಸ್ತಕದಲ್ಲಿ ಸರಕು ಅವನೇ. ಇದರಲ್ಲಿ ಮೋಸವೇನೂ ಇಲ್ಲ. ಕಳೆದುಹೋಗದ ಹಾಗೆ ಅಂಗಿಯ ಮೇಲೆ ಬಣ್ಣದ ಚೀಟಿ ಅಂಟಿಸುವಾಗಲೇ ವಿಷಯ ಸ್ಪಷ್ಟವಾಗಬೇಕಿತ್ತು.

ಹಡಗು ದಡ ಬಿಟ್ಟ ಮೇಲೆ ಪ್ರಯಾಣ ಸುಮಾರು ಒಂದು ಗಂಟೆ. ಈ ಒಂದು ಗಂಟೆಯಲ್ಲಿ ಡಾಲ್ಫಿನ್ ಕಾಣಬಹುದು, ಎರಡು ಖಂಡಗಳನ್ನು ಒಟ್ಟಿಗೆ ನೋಡಬಹುದು. ಹೊಸಬರು ಅದನ್ನೆಲ್ಲ ನೋಡಲು ಕಿಟಕಿಗೆ ಹೋಗುತ್ತಾರೆ, ತಿಳಿದವರು ಸಾಲಿಗೆ ಹೋಗುತ್ತಾರೆ. ಮೊರಾಕ್ಕೊದ ಪೊಲೀಸ್ ಅಧಿಕಾರಿ ಹಡಗಿನೊಳಗೇ ಒಂದು ಮೇಜು ಹಾಕಿಕೊಂಡು ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದು ಈ ಮಾರ್ಗದಲ್ಲಿ ಬಹುಕಾಲದ ರೂಢಿ. ಮುದ್ರೆಯಿಲ್ಲದವರು ಇಳಿಯುವಂತಿಲ್ಲ. ಹಾಗಾಗಿ ಡಾಲ್ಫಿನ್ ನೋಡಿದವರು ಯಾರು, ಸಾಲಿನಲ್ಲಿ ನಿಂತವರು ಯಾರು ಎಂಬುದು ಟ್ಯಾಂಜಿಯರ್ ಬಂದಾಗ ಎಲ್ಲರಿಗೂ ಗೊತ್ತಾಗುತ್ತದೆ.

ಗಡಿಯಾರದ ವಿಚಾರ ಇದಕ್ಕಿಂತ ಸ್ವಾರಸ್ಯದ್ದು. ಬೇಸಿಗೆಯಲ್ಲಿ ಸ್ಪೇನಿನ ಸಮಯ ಮೊರಾಕ್ಕೊಗಿಂತ ಒಂದು ಗಂಟೆ ಮುಂದೆ. ಒಂಬತ್ತಕ್ಕೆ ಹೊರಟ ಹಡಗು ಅಲ್ಲಿನ ಗಡಿಯಾರದ ಪ್ರಕಾರ ಒಂಬತ್ತಕ್ಕೇ ತಲುಪುತ್ತದೆ. ಇಷ್ಟು ಕರಾರುವಾಕ್ಕಾದ ಸಾರಿಗೆ ಬೇರೆಲ್ಲೂ ಸಿಗಲಾರದು. ಬರುವಾಗ ಸಾಲ ತೀರಿಸಬೇಕು: ನಾಲ್ಕಕ್ಕೆ ಹೊರಟರೆ ಆರಕ್ಕೆ ತಲುಪುವುದು. ಚಳಿಗಾಲದಲ್ಲಿ ಎರಡೂ ದೇಶಗಳ ಗಡಿಯಾರ ಒಂದೇ. ಆದರೆ ರಂಜಾನ್ ತಿಂಗಳಲ್ಲಿ ಮೊರಾಕ್ಕೊ ತನ್ನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ರಂಜಾನ್ ಚಾಂದ್ರಮಾನದ್ದಾದ್ದರಿಂದ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅದರ ಜೊತೆ ಈ ಗೊಂದಲವೂ. ಗುಂಪಿನಲ್ಲಿ ಮೊಬೈಲನ್ನು ನಂಬುವವರು, ಕೈಗಡಿಯಾರವನ್ನು ನಂಬುವವರು ಎಂದು ಎರಡು ಪಕ್ಷಗಳಾಗುತ್ತವೆ. ಗೈಡು ಎರಡನ್ನೂ ಲೆಕ್ಕಿಸದೆ ತನ್ನ ಸಮಯ ಹೇಳುತ್ತಾನೆ, ಅದೇ ಸರಿ.

ಬಂದರಿನಲ್ಲಿ ಕಾಯುವ ಈ ಗೈಡು ನಿಜಕ್ಕೂ ವಿದ್ವಾಂಸ. ಮನೆಯಲ್ಲಿ ಅರಬ್ಬಿಯ ಆಡುನುಡಿ, ಅಜ್ಜಿಯ ಊರಿನಲ್ಲಿ ಬೆರ್ಬರ್ ಭಾಷೆ, ಶಾಲೆಯಲ್ಲಿ ಫ್ರೆಂಚ್, ಟೀವಿಯಲ್ಲಿ ಸ್ಪ್ಯಾನಿಷ್, ಹೊಟ್ಟೆಪಾಡಿಗೆ ಇಂಗ್ಲಿಷ್ ಕಲಿತವನು. ಒಂದೇ ನಗೆಹನಿಯನ್ನು ಮೂರು ಭಾಷೆಗಳಲ್ಲಿ ಹೇಳಿ ಮೂರು ಸಲವೂ ತಾನೇ ಮೊದಲು ನಗುತ್ತಾನೆ. ಭಾರತೀಯರೆಂದು ತಿಳಿದ ಕೂಡಲೇ ಅವನಿಂದ ಹಿಡಿದು ಬೀದಿಯ ಬಳೆ ಮಾರುವವನ ತನಕ ಎಲ್ಲರೂ ಅಮಿತಾಭ್ ಬಚ್ಚನ್, ಶಾರುಖ್ ಖಾನ್ ಎಂದು ಕೂಗುತ್ತಾರೆ. ಹಿಂದಿ ಸಿನಿಮಾಕ್ಕೆ ಮೊರಾಕ್ಕೊದಲ್ಲಿ ಹಳೆಯ ಅಭಿಮಾನಿಗಳಿದ್ದಾರೆ. ಡಾ. ರಾಜ್‌ಕುಮಾರ್ ಹೆಸರು ಇನ್ನೂ ಜಲಸಂಧಿ ದಾಟಿಲ್ಲ. ತಿಳಿಸಿ ಹೇಳಲು ಹೊರಟ ಕನ್ನಡಿಗರು ಬಸ್ಸಿಗೆ ತಡಮಾಡಿ ಬೈಸಿಕೊಳ್ಳುವುದುಂಟು.

ಬಸ್ಸು ಮೊದಲು ಊರ ಹೊರಗೆ, ಆಫ್ರಿಕಾದ ವಾಯವ್ಯ ಮೂಲೆಯ ಸ್ಪಾರ್ಟೆಲ್ ಭೂಶಿರಕ್ಕೆ ಹೋಗುತ್ತದೆ. ಅಲ್ಲಿ 1864ರ ದೀಪಸ್ತಂಭವಿದೆ. ಈ ದೀಪ ಉರಿಯಲು 1865ರಲ್ಲಿ ಯುರೋಪಿನ ಹಲವು ದೇಶಗಳೂ ಅಮೆರಿಕವೂ ಮೊರಾಕ್ಕೊದ ಸುಲ್ತಾನನೊಡನೆ ಒಪ್ಪಂದ ಮಾಡಿಕೊಂಡು, ಖರ್ಚು ಹಂಚಿಕೊಂಡವು. ಪರಸ್ಪರ ಯುದ್ಧ ಮಾಡುತ್ತಲೇ ದೀಪದ ಬಾಬ್ತು ಮಾತ್ರ ಒಟ್ಟಿಗೆ ಕಟ್ಟಿದ ಈ ಸಂಗತಿ ಹೇಳಲು ಗೈಡಿಗೆ ಪುರುಸೊತ್ತಿಲ್ಲ, ಏಕೆಂದರೆ ಒಂಟೆಗಳು ಕಾದಿವೆ. ಟ್ಯಾಂಜಿಯರ್‌ನ ಸುತ್ತ ಮರಳುಗಾಡಿಲ್ಲ. ಹಸಿರು ಗುಡ್ಡ, ಪೈನ್ ಮರ, ಸಮುದ್ರ. ಒಂಟೆಗಳೂ ಪ್ರವಾಸಿಗಳ ಹಾಗೆ ಹೊರಗಿನಿಂದ ಬಂದವೇ. ಅವು ಮಂಡಿಯೂರಿ, ಒಬ್ಬರನ್ನು ಹತ್ತಿಸಿಕೊಂಡು, ಒಂದು ಸುತ್ತು ಹಾಕಿ, ಮತ್ತೆ ಮಂಡಿಯೂರುತ್ತವೆ. ಏಳುವಾಗ ಒಂಟೆ ಹಿಂಗಾಲನ್ನು ಮೊದಲು ಎತ್ತುತ್ತದೆಂಬ ಪ್ರಾಣಿಶಾಸ್ತ್ರದ ಸತ್ಯ ಎಲ್ಲರಿಗೂ ಆ ಕ್ಷಣದಲ್ಲೇ, ಮುಂದಕ್ಕೆ ಮುಗ್ಗರಿಸುತ್ತ, ತಿಳಿಯುತ್ತದೆ. ಫೋಟೋಗಳಲ್ಲೆಲ್ಲ ಒಂಟೆಯೊಂದೇ ಗಂಭೀರವಾಗಿರುತ್ತದೆ.

ಹತ್ತಿರದಲ್ಲೇ ಹರ್ಕ್ಯುಲಿಸ್ ಗುಹೆಗಳು. ಸಮುದ್ರಕ್ಕೆ ತೆರೆದ ಬಾಯಿಯನ್ನು ಒಳಗಿನಿಂದ ನೋಡಿದರೆ ಆಫ್ರಿಕಾದ ನಕಾಶೆಯಂತೆ ಕಾಣುತ್ತದೆ. ಅದಕ್ಕಿಂತ ನೋಡಬೇಕಾದ್ದು ಗೋಡೆ ಮತ್ತು ಛಾವಣಿಯ ಮೇಲಿನ ದುಂಡು ಕಚ್ಚುಗಳು. ತಲೆಮಾರುಗಳ ಕಾಲ ಜನ ಇಲ್ಲಿ ಬೀಸುವ ಕಲ್ಲು ಕಡಿದು ಸಾಗಿಸಿದ್ದಾರೆ. ಹರ್ಕ್ಯುಲಿಸ್ ಇಲ್ಲಿ ಒಂದು ರಾತ್ರಿ ಮಲಗಿದ್ದನೆಂಬ ಕತೆಗೆ ಫಲಕವಿದ್ದಷ್ಟು, ಆ ಕಲ್ಲುಕುಟಿಗರ ಬೆನ್ನುನೋವಿಗೆ ಇಲ್ಲ.

ಮರಳಿ ಊರಿಗೆ ಬಂದಾಗ ಗ್ರಾಂಡ್ ಸೊಕ್ಕೊ ಎಂಬ ಚೌಕ. 1947ರ ಏಪ್ರಿಲ್ 9ರಂದು ಸುಲ್ತಾನ ಐದನೆಯ ಮೊಹಮ್ಮದ್ ಟ್ಯಾಂಜಿಯರ್‌ನಲ್ಲಿ ಸ್ವಾತಂತ್ರ್ಯದ ಪರ ಮಾತಾಡಿದ್ದರ ನೆನಪಿಗೆ ಚೌಕಕ್ಕೆ ಆ ದಿನದ ಹೆಸರನ್ನೇ ಇಟ್ಟಿದ್ದಾರೆ. ಆಗ ಈ ಊರು ಪೂರ್ತಿ ಯಾವ ದೇಶದ ಕೈಯಲ್ಲೂ ಇರಲಿಲ್ಲ. 1923ರ ಒಪ್ಪಂದದಂತೆ ಹಲವು ದೇಶಗಳು ಸೇರಿ ಆಳುವ ಅಂತರರಾಷ್ಟ್ರೀಯ ವಲಯವಾಗಿ, ಬ್ಯಾಂಕಿನವರು, ಕಳ್ಳಸಾಗಣೆದಾರರು, ಗೂಢಚಾರರು ಒಂದೇ ಕಾಫಿ ಅಂಗಡಿಯಲ್ಲಿ ಕೂರುವ ಊರಾಗಿ, 1956ರವರೆಗೆ ನಡೆಯಿತು. ಅದಕ್ಕೂ ಮೊದಲಿನ ಒಂದು ಸಂಗತಿ ಭಾರತೀಯರಿಗೆ ಹತ್ತಿರದ್ದು. 1661ರ ಮದುವೆ ಒಪ್ಪಂದದಲ್ಲಿ ಪೋರ್ಚುಗಲ್ ತನ್ನ ರಾಜಕುಮಾರಿ ಕ್ಯಾಥರೀನಳ ಜೊತೆ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಎರಡು ಊರುಗಳನ್ನು ಬಳುವಳಿ ಕೊಟ್ಟಿತು: ಮುಂಬಯಿ, ಟ್ಯಾಂಜಿಯರ್. ಅಳಿಯನ ಕಡೆಯವರಿಗೆ ಟ್ಯಾಂಜಿಯರ್ ದುಬಾರಿಯಾಯಿತು. 1684ರಲ್ಲಿ ತಾವೇ ಕಟ್ಟಿದ ಬಂದರುಕಟ್ಟೆಯನ್ನು ತಾವೇ ಒಡೆದುಹಾಕಿ ಬಿಟ್ಟುಹೋದರು. ಮುಂಬಯಿಯನ್ನು ಬಿಡಲು ಅವರಿಗೆ 1947 ಬೇಕಾಯಿತು.

ಚೌಕದ ಅಂಚಿನಲ್ಲಿ, ರಿಫ್ ಬೆಟ್ಟಗಳಿಂದ ಬಂದ ಹೆಂಗಸರು ಉಣ್ಣೆಯ ಕುಚ್ಚು ತೂಗುವ ಅಗಲವಾದ ಹುಲ್ಲಿನ ಟೋಪಿ ಹಾಕಿ, ಗರಿಯಲ್ಲಿ ಸುತ್ತಿದ ಹಸಿ ಚೀಸು, ಪುದೀನದ ಕಟ್ಟು ಮಾರುತ್ತ ಕೂತಿರುತ್ತಾರೆ. ಗೈಡಿನ ಪಟ್ಟಿಯಲ್ಲಿ ಇವರಿಲ್ಲ. ಇವರು ಕಮಿಷನ್ ಕೊಡುವುದಿಲ್ಲವಾದ್ದರಿಂದ ಗುಂಪು ಅವರ ಮುಂದೆ ಬೇಗ ನಡೆಯುತ್ತದೆ. ಇಡೀ ದಿನದಲ್ಲಿ ಪ್ರವಾಸಿಗಾಗಿ ಸಿದ್ಧಪಡಿಸದೆ ಉಳಿದ ದೃಶ್ಯ ಇದೊಂದೇ ಇರಬಹುದು.

ಹಳೆಯ ಪೇಟೆಯ ಓಣಿಗಳಲ್ಲೊಂದರಲ್ಲಿ ಇಬ್ನ್ ಬತೂತನದೆಂದು ತೋರಿಸುವ ಪುಟ್ಟ ಗೋರಿಯಿದೆ. ಅವನು ಇದೇ ಊರಿನಲ್ಲಿ 1304ರಲ್ಲಿ ಹುಟ್ಟಿದವನು. 1325ರಲ್ಲಿ ಹಜ್ ಯಾತ್ರೆಗೆಂದು ಹೊರಟು, ಸುತ್ತಾಟ ಮುಗಿಸುವಾಗ ಮೂರು ದಶಕ ಆಗುತ್ತ ಬಂದಿತ್ತು. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ಕೈಕೆಳಗೆ ಕಾಜಿಯಾಗಿದ್ದ. ನಮ್ಮ ಕರಾವಳಿಯ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳ ಶಾಲೆಗಳು 13, ಗಂಡುಮಕ್ಕಳವು 23 ಎಂದು ಲೆಕ್ಕ ಬರೆದಿಟ್ಟಿದ್ದಾನೆ. ಊಟದ ವಿವರವಂತೂ ಬಡಿಸುವ ಕ್ರಮದ ಸಮೇತ ಇದೆ: ಅನ್ನ, ಅದರ ಮೇಲೆ ತುಪ್ಪ, ಪಕ್ಕಕ್ಕೆ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಎಲ್ಲ ಮುಗಿದ ಮೇಲೆ ಮೊಸರು. ಅಲ್ಲಿನ ಸುಲ್ತಾನನ ಬಳಿ ಇನ್ನೊಮ್ಮೆ ಇದ್ದಾಗ 11 ತಿಂಗಳು ರೊಟ್ಟಿಯ ಮುಖ ನೋಡಲಿಲ್ಲವೆಂದೂ, ದಕ್ಷಿಣದ ನಾಡುಗಳಲ್ಲಿ ಅನ್ನ ತಿಂದು ತಿಂದು ಕೊನೆಗೆ ನೀರಿಲ್ಲದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲವೆಂದೂ ದೂರಿದ್ದಾನೆ. ಅಂಥವನ ಗೋರಿಯ ಮುಂದೆ ಗುಂಪಿಗೆ ಸಿಗುವ ಸಮಯ ಒಂದು ಸೆಲ್ಫಿಯಷ್ಟು.

ಅವನ ದೂರಿಗೆ ಏಳು ಶತಮಾನ ತಡವಾಗಿ ಉತ್ತರ ಕೊಡುವವರು ಕನ್ನಡ ನಾಡಿನ ಸಸ್ಯಾಹಾರಿಗಳು. ಪ್ರವಾಸದ ಊಟದಲ್ಲಿ ಮೊದಲು ಹರೀರಾ ಎಂಬ ಬೇಳೆ, ಕಡಲೆ, ಟೊಮ್ಯಾಟೊ ಹಾಕಿದ ಸೂಪು, ಆಮೇಲೆ ಕುಸ್‌ಕುಸ್. ಗೋಧಿ ರವೆಯನ್ನು ಹಬೆಯಲ್ಲಿ ಬೇಯಿಸಿ, ಮೇಲೆ ಗಜ್ಜರಿ, ಕುಂಬಳಕಾಯಿ, ಕೋಸು ಜೋಡಿಸಿದ ಅದನ್ನು ಕಂಡು ಉಪ್ಪಿಟ್ಟಿನ ನಂಟನೆಂದು ನಂಬುವವರು ಬಹಳ. ತರಕಾರಿ ಮಾತ್ರ ಎಂದು ಬಡಿಸುವವನು ಹೇಳುವುದು ಕಣ್ಣಿಗೆ ಕಾಣುವುದರ ಬಗ್ಗೆ. ಕೆಳಗಿನ ಪಾತ್ರೆಯಲ್ಲಿ ಕುದ್ದ ರಸ ಬಹುತೇಕ ಮಾಂಸದ್ದೇ. ಹರೀರಾದಲ್ಲೂ ಅದೇ ಕತೆ. ಮೊದಲೇ ಕೇಳಿದವರ ತಟ್ಟೆಯಲ್ಲಿ ರೊಟ್ಟಿ, ಆಲಿವ್, ಕಿತ್ತಳೆ ಉಳಿಯುತ್ತವೆ. ಅನ್ನ ಕಾಣದೆ ಅವರು ಕಳೆಯುವುದು ಒಂದೇ ಮಧ್ಯಾಹ್ನ, ಆದರೂ ಮುಖ ನೋಡಿದರೆ 11 ತಿಂಗಳಾದಂತೆ ಕಾಣುತ್ತದೆ. ಕೊನೆಗೆ ಪುದೀನ ಚಹಾ. ಚೀನಾದ ಹಸಿರು ಚಹಾಪುಡಿ ಮೊರಾಕ್ಕೊದಲ್ಲಿ ಮನೆಮಾತಾದದ್ದು 19ನೆಯ ಶತಮಾನದಲ್ಲಿ, ಬ್ರಿಟಿಷ್ ವ್ಯಾಪಾರಿಗಳು ದಂಡಿಯಾಗಿ ತಂದು ಇಳಿಸಿದ ಮೇಲೆ. ಅದನ್ನು ಮೇಲಿನಿಂದ ಧಾರೆಯಾಗಿ ಗಾಜಿನ ಲೋಟಕ್ಕೆ ಸುರಿಯುತ್ತಾರೆ. ಸಕ್ಕರೆ ಎಷ್ಟೆಂದು ಕೇಳುವ ಪದ್ಧತಿ ಇಲ್ಲ, ಆಗಲೇ ಬಿದ್ದಿರುತ್ತದೆ.

ಇನ್ನು ಪ್ರವಾಸದ ನಿಜವಾದ ಗರ್ಭಗುಡಿ, ಜಮಖಾನೆಯ ಅಂಗಡಿ. ಹೆಸರಿಗೆ ಅದು ಕುಶಲಕರ್ಮಿಗಳ ಕೇಂದ್ರ. ಗೋಡೆಗೊರಗಿದ ಬೆಂಚುಗಳ ಮೇಲೆ ಗುಂಪನ್ನು ಕೂರಿಸಿ, ಕೈಗೆ ಚಹಾ ಕೊಟ್ಟು, ಕೊಳ್ಳಲೇಬೇಕೆಂದೇನೂ ಇಲ್ಲವೆಂದು ಮೊದಲೇ ಅಭಯ ನೀಡುತ್ತಾರೆ. ಅಲ್ಲಿಗೆ ಬಾಗಿಲು ಎಲ್ಲಿತ್ತೆಂಬುದು ಮರೆತುಹೋಗುತ್ತದೆ. ಇಬ್ಬರು ಹುಡುಗರು ಒಂದರ ಮೇಲೊಂದು ಜಮಖಾನೆ ಬಿಚ್ಚಿ ಹಾಸುತ್ತಾರೆ. ಯುರೋಪಿನವರು ಬೆರಗಾಗುವ ಈ ವಿದ್ಯೆ ಮದುವೆ ಸೀರೆಗೆ ಚಿಕ್ಕಪೇಟೆಗೆ ಹೋಗಿಬಂದ ಹೆಂಗಸರಿಗೆ ಹೊಸದಲ್ಲ. ಇಪ್ಪತ್ತು ಬಿಚ್ಚಿಸಿ, ಬಣ್ಣ ಒಪ್ಪಲಿಲ್ಲವೆಂದು ಎದ್ದುಬರುವ ಧೈರ್ಯ ಇರುವುದೂ ಇಡೀ ಗುಂಪಿನಲ್ಲಿ ಅವರಿಗೆ ಮಾತ್ರ. ಉಳಿದವರು ಹುಡುಗರು ಮತ್ತೆ ಮಡಚಬೇಕಲ್ಲ ಎಂಬ ದಾಕ್ಷಿಣ್ಯಕ್ಕೆ ಬಲಿಯಾಗುತ್ತಾರೆ. ಮೊದಲು ಹೇಳಿದ ಬೆಲೆಯ ಅರ್ಧಕ್ಕೆ ಇಳಿಸಿ ಗೆದ್ದವರು ಬೀಗುತ್ತಾರೆ. ಅಂಗಡಿಯವನು ಸೋತವನ ಮುಖ ಮಾಡುತ್ತಾನೆ. ಅವನ ಕಸುಬಿನಲ್ಲಿ ಅತಿ ಕಷ್ಟದ ಭಾಗ ಅದೇ ಇರಬೇಕು.

ಗಿಡಮೂಲಿಕೆಯ ಅಂಗಡಿಯಲ್ಲಿ ಬಿಳಿ ಕೋಟಿನ ವ್ಯಕ್ತಿ ಆರ್ಗನ್ ಎಣ್ಣೆ, ಹಸಿರಾಗಿದ್ದು ತುಟಿಗೆ ಹಚ್ಚಿದರೆ ಕೆಂಪಾಗುವ ಬಣ್ಣ, ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಮೂಗು ಬಿಡುವ ಕರಿಜೀರಿಗೆ ಇವನ್ನೆಲ್ಲ ತೋರಿಸುತ್ತಾನೆ. ಜೀರಿಗೆ, ಚಕ್ಕೆ, ಅರಿಸಿನಗಳಿಗೆ ಯೂರೋ ಲೆಕ್ಕದಲ್ಲಿ ಬೆಲೆ ಹೇಳಿದಾಗ ಭಾರತೀಯರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಸಂಜೆಯ ಹಡಗಿನಲ್ಲಿ ಎಲ್ಲರ ಮಡಿಲಲ್ಲೂ ಪೊಟ್ಟಣ. ತರೀಫಾದಲ್ಲಿ ಸ್ಪೇನಿನ ಪೊಲೀಸರು ಪಾಸ್‌ಪೋರ್ಟ್ ನೋಡಿದ ಮೇಲೆ ಸುಂಕದವರ ಮೇಜು ಸಿಗುತ್ತದೆ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಗುಂಪಿನಿಂದ ತಪ್ಪಿಸಿಕೊಂಡು ಹೋಗಿ ರಿಫ್ ಹೆಂಗಸರಲ್ಲಿ ಚೀಸು ಕೊಂಡವರ ಸಾಹಸ ಅಲ್ಲಿಗೆ ಮುಗಿಯುತ್ತದೆ. ಸಮುದ್ರಮಾರ್ಗವಾಗಿ ಬರುವ ವಯಸ್ಕರು 430 ಯೂರೋ ಬೆಲೆಯ ಸಾಮಾನನ್ನು ಸುಂಕವಿಲ್ಲದೆ ತರಬಹುದು. ಜಮಖಾನೆ ಕೊಂಡವರಿಗೆ ಇಕ್ಕಟ್ಟು ಇಲ್ಲೇ. ಹಡಗಿನಲ್ಲಿ ಪಕ್ಕದವರು ಕೇಳಿದಾಗ ಚೌಕಾಸಿಯ ಜಾಣತನ ತೋರಿಸಲು ಬೆಲೆ ಇಳಿಸಿ ಹೇಳಿರುತ್ತಾರೆ. ಊರಿನಲ್ಲಿ ನೆಂಟರಿಗೆ ಹೇಳಲು ಏರಿಸಿದ ಬೆಲೆಯೊಂದನ್ನು ಆಗಲೇ ಯೋಚಿಸಿಟ್ಟಿರುತ್ತಾರೆ. ಸುಂಕದ ಅಧಿಕಾರಿಗೆ ಎರಡೂ ಬೇಡ. ಅವನು ಬಿಲ್ಲು ಕೇಳುತ್ತಾನೆ, ಅದೂ ಗಂಡ ಹೆಂಡತಿ ಇಬ್ಬರೂ ಪಕ್ಕಪಕ್ಕ ನಿಂತಿರುವಾಗಲೇ.