ಭಾವನವರ 69 ಜಿಬಿ

“ಡಬ್ಬದ ಮೇಲೆ ಒಂದು ಟಿಬಿ ಅಂತ ಬರೆದಿದ್ದಾನೆ. ಒಳಗಿರೋದು 931 ಜಿಬಿ. ಉಳಿದ 69 ಯಾರ ಹೊಟ್ಟೆಗೆ ಹೋಯ್ತು?”

ಎಸ್.ಪಿ. ರೋಡಿನಿಂದ ಪೋರ್ಟಬಲ್ ಹಾರ್ಡ್ ಡಿಸ್ಕ್ ತಂದ ನಮ್ಮ ಭಾವನವರ ಮೊದಲ ತಕರಾರು ಇದು. ಅಂಗಡಿಯವನ ಮೇಲೆ ಗುಮಾನಿ. ಪಾಪ, ಅವನೇನು ಮಾಡಿಯಾನು! ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಇಬ್ಬರೂ ಅದನ್ನು ಜಿಬಿ ಎಂದೇ ಕರೆಯುತ್ತಾರೆ. ಲಕ್ಷ ಕೋಟಿ ಬೈಟುಗಳು ಕೊಟ್ಟ ಹಾಗೇ ಇವೆ. ಇದೇ ಡಿಸ್ಕನ್ನು ಆಪಲ್ ಕಂಪ್ಯೂಟರಿಗೆ ಸಿಕ್ಕಿಸಿ, ಪೂರ್ತಿ ಒಂದು ಟಿಬಿ ತೋರಿಸುತ್ತದೆ ಅಂದೆ. “ಹಾಗಾದ್ರೆ ಆಪಲ್ಲೇ ತಗೊಳ್ಳೋದು ವಾಸಿ” ಎಂದರು. 69 ಜಿಬಿ ವಸೂಲಿಗೆ ಲಕ್ಷ ರೂಪಾಯಿಯ ಯಂತ್ರ!

ಕೊಳ್ಳುವ ಮೊದಲು ಇವರು ಓದಿದ ವಿಮರ್ಶೆಗಳಿಗೆ ಲೆಕ್ಕವಿಲ್ಲ. ಐದು ನಕ್ಷತ್ರ ಕೊಟ್ಟವರೊಬ್ಬರು “ಪ್ಯಾಕಿಂಗ್ ಚೆನ್ನಾಗಿತ್ತು” ಎಂದಿದ್ದರಂತೆ. ಇನ್ನೊಬ್ಬರು “ಬಣ್ಣ ಫೋಟೋದಲ್ಲಿದ್ದ ಹಾಗೇ ಇದೆ.” ಡಬ್ಬ ಬಿಚ್ಚಿದ ದಿನವೇ ನಕ್ಷತ್ರ ಕೊಡುವವರ ಮಾತು ನಂಬಿ ಡಿಸ್ಕಿನ ಆಯುಸ್ಸು ಲೆಕ್ಕ ಹಾಕುವುದಕ್ಕೆ ಭಾವನವರಷ್ಟು ಶ್ರದ್ಧೆ ಬೇಕು. ಎಷ್ಟೇ ಹುಡುಕಿದರೂ ಇಡೀ ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ಮಾಡುವವರು ಉಳಿದಿರುವುದು ಮೂರೇ ಮಂದಿ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಬೇರೆ ಹೆಸರಿನ ಡಬ್ಬದೊಳಗೂ ಇವರದೇ ಸರಕು. (ಆನ್‌ಲೈನಿನಲ್ಲಿ ಪುಡಿಗಾಸಿಗೆ ಸಿಗುವ 16 ಟಿಬಿ ಡಬ್ಬ ಕಂಡರೆ ಕೈಮುಗಿದು ಮುಂದೆ ಹೋಗಿ. ಬಿಚ್ಚಿದರೆ ಸಿಗುವುದು ಒಂದು ಮೆಮೊರಿ ಕಾರ್ಡ್, ಒಂದಿಷ್ಟು ಅಂಟು.)

ಎರಡನೇ ತಕರಾರು ವೇಗದ್ದು. ಡಬ್ಬದ ಮೇಲೆ ಯುಎಸ್‌ಬಿ 3.0, ಸೆಕೆಂಡಿಗೆ 5 ಗಿಗಾಬಿಟ್ ಎಂದಿದೆ. ಭಾವ ಬ್ಯಾಂಕಿನಲ್ಲಿದ್ದವರು, ಎಂಟರಿಂದ ಭಾಗಿಸಿ 625 ಎಂಬಿ ಬರಲೇಬೇಕೆಂದು ಪಟ್ಟು ಹಿಡಿದರು. ಅದು ಕೇಬಲಿನ ತಾಕತ್ತು ಭಾವ, ಒಳಗಿನ ತಟ್ಟೆಯದಲ್ಲ. ನಿಮಿಷಕ್ಕೆ 5400 ಸುತ್ತಿನ ಆಸುಪಾಸಿನಲ್ಲಿ ತಿರುಗುವ ತಟ್ಟೆ ನೂರು ಚಿಲ್ಲರೆ ಎಂಬಿ ಕೊಟ್ಟರೆ ಅದೇ ಹೆಚ್ಚು. 300 ಜಿಬಿ ದಾಟಿಸಲು ಮುಕ್ಕಾಲು, ಒಂದು ಗಂಟೆ. ಹಳೆಯ ಯುಎಸ್‌ಬಿ 2.0 ಕಿಂಡಿಗೆ ಸಿಕ್ಕಿಸಿದರೆ ಎರಡೂವರೆ ಗಂಟೆಯ ಮೇಲೆ. ಸಣ್ಣಪುಟ್ಟ ಫೈಲುಗಳೇ ರಾಶಿ ಇದ್ದರೆ ಊಟ ಮುಗಿಸಿ ಬನ್ನಿ.

ಇನ್ನೊಂದು ಗುಟ್ಟನ್ನು ಡಬ್ಬ ಹೇಳುವುದಿಲ್ಲ. ಅಗ್ಗದ ಪೋರ್ಟಬಲ್ ಡಿಸ್ಕುಗಳಲ್ಲಿ ಹೆಚ್ಚಿನವು ‘ಎಸ್‌ಎಂಆರ್’ ತಂತ್ರದವು. ಜಾಗ ಉಳಿಸಲೆಂದು ದತ್ತಾಂಶದ ಗೆರೆಗಳನ್ನು ಮಂಗಳೂರು ಹೆಂಚಿನ ಹಾಗೆ ಒಂದರ ಅಂಚಿನ ಮೇಲೊಂದು ಹೊದಿಸಿರುತ್ತಾರೆ. ನಡುವಿನ ಗೆರೆಯೊಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಎಬ್ಬಿಸಿ ಮತ್ತೆ ಬರೆಯಬೇಕು. ಅದಕ್ಕೇ ಆರಂಭದಲ್ಲಿ ಓಡುವ ಡಿಸ್ಕು ಸ್ವಲ್ಪ ಹೊತ್ತಿನಲ್ಲಿ ಏದುಸಿರು ಬಿಡುತ್ತದೆ. 2020ರಲ್ಲಿ ಗ್ರಾಹಕರು ಗಲಾಟೆ ಎಬ್ಬಿಸಿದ ಮೇಲಷ್ಟೇ ತಯಾರಕರು ಯಾವ ಮಾದರಿಗಳಲ್ಲಿ ಇದಿದೆ ಎಂದು ಪಟ್ಟಿ ಕೊಟ್ಟದ್ದು. ವಿಡಿಯೋ ಎಡಿಟಿಂಗ್ ಮಾಡುವವರಿಗೆ ಇದು ತಲೆನೋವೇ. ವಾರಕ್ಕೊಮ್ಮೆ ತುಂಬಿ ಬೀರುವಿಗೆ ಸೇರಿಸುವ ಭಾವನವರಿಗೆ ಇದರಿಂದ ಕೂದಲೂ ಕೊಂಕದು. ನನ್ನನ್ನು ಕೇಳಿದರೆ ಮನೆಯ ಬ್ಯಾಕಪ್ಪಿಗೆ ದುಬಾರಿಯದೊಂದಕ್ಕಿಂತ ಅಗ್ಗದವು ಎರಡು ಮೇಲು. ಕೇಳಬೇಕಲ್ಲ!

ಅಂತೂ ತುಂಬಿಸಿದರು. ತುಂಬಿಸಿದ್ದೇನು? ವಾಟ್ಸಾಪಿನ ಶುಭೋದಯ, ಸೂರ್ಯ, ಗುಲಾಬಿ. ಯಾರದೋ ಮದುವೆಯ ಮಸುಕು ವಿಡಿಯೋ. ಇವೆಲ್ಲದರ ಮೂಲೆಯಲ್ಲಿ ಭಾವ ಇಪ್ಪತ್ತು ವರ್ಷದ ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪಿಸಿದ ನಾಟಕ. ಮತ್ತೆಲ್ಲೂ ಸಿಗದ್ದು ಅದೊಂದೇ, ಒಂದು ಎಂಬಿಯೂ ಇಲ್ಲ. ಆ ಕಾಲದ ಫೈಲು ಅದರದೇ ಫಾಂಟಿಲ್ಲದೆ ತೆರೆದರೆ ನಾಯಕಿಯ ಮಾತೆಲ್ಲ ಚಿತ್ರವಿಚಿತ್ರ ಗುರುತು. ಫಾಂಟನ್ನೂ ಜೊತೆಗೆ ಹಾಕಿಡಿ ಅಂದೆ. ಗುಲಾಬಿಗಳಿಗೆ ಜಾಗ ಸಾಲದೇನೋ ಎಂಬ ಮುಖ ಮಾಡಿದರು.

ಮರುದಿನ ಹೆಮ್ಮೆಯಿಂದ ಫೋನು: “ಬ್ಯಾಕಪ್ ಆಯ್ತಲ್ಲ, ಲ್ಯಾಪ್‌ಟಾಪಿನಲ್ಲಿದ್ದದ್ದೆಲ್ಲ ಡಿಲೀಟ್ ಮಾಡ್ದೆ!”

ಅಯ್ಯೋ ಭಾವ! ಇದ್ದ ಒಂದೇ ಪ್ರತಿ ನಿನ್ನೆ ಲ್ಯಾಪ್‌ಟಾಪಿನಲ್ಲಿತ್ತು, ಇವತ್ತು ಕೈಜಾರಿ ಬೀಳುವ ಡಬ್ಬದಲ್ಲಿದೆ. “ವಾರಂಟಿ ಇದೆಯಲ್ಲ” ಎಂದರು. ಇದೆ, ಕೆಟ್ಟರೆ ಹೊಸ ಡಿಸ್ಕು ಕೊಡುತ್ತಾರೆ, ಖಾಲಿಯದು. ಪೀಟರ್ ಕ್ರೋ ಎಂಬ ಫೋಟೋಗ್ರಾಫರ್ ಪ್ರಚಾರಕ್ಕೆ ತಂದ 3-2-1 ಲೆಕ್ಕ ಹೇಳಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಾಚೆ. ಮನೆಯಾಚೆಯದು ನಮ್ಮಲ್ಲಿರಲಿ ಎಂದಾಗ ಬಂದ ಉತ್ತರ, “ನನ್ನ ನಾಟಕ ಕದ್ದು ಓದ್ತೀಯ.” ಓದುವುದಿಲ್ಲ ಎಂದು ನಾನು ಆಣೆ ಮಾಡಿದ್ದಕ್ಕೆ ಇನ್ನೂ ಬೇಜಾರು.

ಅಷ್ಟರಲ್ಲಿ ಅಕ್ಕ ಫೋನು ಕಿತ್ತುಕೊಂಡು, “ನಾಟಕ ತೆರೆಯುತ್ತೋ ಇಲ್ಲವೋ ಮೊದಲು ನೋಡ್ರೀ” ಎಂದಳು. ನನಗೂ ಹೊಳೆಯದ ಪರೀಕ್ಷೆ! ನೋಡೋಣವೆಂದರೆ ಕೇಬಲ್ಲಿಲ್ಲ. ಆ ಡಿಸ್ಕಿಗೆ ಬರುವುದು ಒಂದು ಥರ ಅಗಲ ಮೂತಿಯ ಕೇಬಲ್. ಡ್ರಾಯರ್ ತುಂಬ ಚಾರ್ಜರ್ ಕೇಬಲುಗಳಿದ್ದವಂತೆ, ಅದರಲ್ಲಿ ಕೂರುವುದು ಒಂದೂ ಇಲ್ಲ. “ಡಬ್ಬದ ಜೊತೇನೇ ಬಿಸಾಕಿದ್ರಾ?” ಎಂದು ಅಕ್ಕ ಕೇಳುತ್ತಿದ್ದದ್ದು ಕೇಳಿಸಿತು. ಭಾವ ಫೋನಿಟ್ಟರು.