ಬಿಲ್ಲೆರಾಯರ ಕೊನೆಯ ಎರಡು ಸೆಂಟಿಮೀಟರ್

ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಸುತ್ತಾಡಿದವರೆಲ್ಲ ಬಿಲ್ಲೆರಾಯರನ್ನು ಕಂಡೇ ಇರುತ್ತಾರೆ. ಮನೆಯವರೆಲ್ಲ ಡೆಲ್ಲಿ ಹಪ್ಪಳದ ಕಡೆ ಓಡಿದರೂ ಕೊರಳಿಗೆ ಮೈಕು ಕಟ್ಟಿಕೊಂಡು ಸ್ಲೈಸರಿನಲ್ಲಿ ತರಕಾರಿ ಹೆಚ್ಚುವ ಹುಡುಗನ ಮುಂದೆ ಇವರು ಮಾತ್ರ ಕೈಕಟ್ಟಿ ನಿಂತಿರುತ್ತಾರೆ. ಕ್ಯಾರೆಟ್ಟು ಸರ್ರನೆ ಬಿಲ್ಲೆಬಿಲ್ಲೆಯಾಗಿ ಉದುರುವಾಗ, ಮೂವತ್ತು ವರ್ಷ ಕಚೇರಿಯಲ್ಲಿ ಒಂದು ಕಡತವೂ ಈ ವೇಗದಲ್ಲಿ ಸರಿಯಲಿಲ್ಲವಲ್ಲ ಎಂದು ಅವರ ಕಣ್ಣು ಮಂಜಾಗುತ್ತದೆ. ಚೌಕಾಸಿ ಮಾಡಿ, ಅದೇ ಬೆಲೆಗೆ ಸಿಪ್ಪೆ ಹೆರೆಯುವುದೊಂದನ್ನು ಗಿಟ್ಟಿಸಿಕೊಂಡು, ಸ್ಲೈಸರನ್ನು ಮನೆಗೆ ತರುತ್ತಾರೆ. ಪೆಟ್ಟಿಗೆಯೊಳಗೆ ಅಡಿಯಲ್ಲಿ ಮುಳ್ಳುಗಳಿರುವ ಒಂದು ಪ್ಲಾಸ್ಟಿಕ್ ಟೋಪಿಯೂ ಇರುತ್ತದೆ. ತರಕಾರಿಯನ್ನು ಚುಚ್ಚಿ ಹಿಡಿದು ಬೆರಳನ್ನು ಅಲಗಿನಿಂದ ದೂರ ಇಡುವ ಗಾರ್ಡು ಅದು. ರಾಯರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಕೈ ಪಳಗದವರಿಗೆ" ಎಂದು ಪಕ್ಕಕ್ಕಿಡುತ್ತಾರೆ. ಮೊದಲ ವಾರ ಅದು ಮೊಮ್ಮಗನ ಆಟಿಕೆ, ಎರಡನೆಯ ವಾರ ಅಟ್ಟದ ಪಾಲು. ಮೂರನೆಯ ವಾರ ರಾಯರ ಬೆರಳಿಗೆ ಬ್ಯಾಂಡೇಜು.

ರಾಯರಿಗೆ ಜಾಗ್ರತೆ ಸಾಲದು ಎಂದು ನೆಂಟರಿಷ್ಟರು ತೀರ್ಪು ಕೊಟ್ಟುಬಿಡುತ್ತಾರೆ. ಇದು ಅನ್ಯಾಯದ ತೀರ್ಪು. ರಾಯರ ಬೆರಳು ಕುಯ್ದದ್ದು ಅವರ ದುರ್ಗುಣದಿಂದಲ್ಲ, ಎರಡು ಸದ್ಗುಣಗಳಿಂದ: ಒಂದು ಅನುಭವದಲ್ಲಿ ನಂಬಿಕೆ, ಇನ್ನೊಂದು ಮಿತವ್ಯಯ. ಲೆಕ್ಕ ಹಾಕಿ ನೋಡಿ. 15 ಸೆಂಟಿಮೀಟರ್ ಉದ್ದದ ಕ್ಯಾರೆಟ್ಟನ್ನು ನಿಲ್ಲಿಸಿ ಹಿಡಿದು 2 ಮಿಲಿಮೀಟರ್ ದಪ್ಪದ ಬಿಲ್ಲೆ ಮಾಡಿದರೆ 75 ಸಲ ಉಜ್ಜಬೇಕು. ಮೊದಲ 65 ಸಲ ಏನೂ ಆಗುವುದಿಲ್ಲ. ಏನೂ ಆಗಲಿಲ್ಲ ಎಂಬುದನ್ನು ಕೈ 65 ಸಲ ಕಲಿಯುತ್ತದೆ. ಒಂದೊಂದು ಸಲಕ್ಕೂ ಧೈರ್ಯ ಒಂದು ಗುಲಗಂಜಿ ಏರುತ್ತದೆ, ಬೆರಳು ಅಲಗಿನ ಕಡೆಗೆ 2 ಮಿಲಿಮೀಟರ್ ಇಳಿಯುತ್ತದೆ. ಹೀಗಾಗಿ ಧೈರ್ಯ ತುತ್ತತುದಿಗೆ ಮುಟ್ಟುವ ಗಳಿಗೆಯೂ ಕ್ಯಾರೆಟ್ಟು ಮುಗಿಯುವ ಗಳಿಗೆಯೂ ಒಂದೇ ಆಗಿಬಿಡುತ್ತದೆ. ಉಳಿದ 2 ಸೆಂಟಿಮೀಟರಿನಲ್ಲಿ ಇನ್ನೂ ಹತ್ತು ಬಿಲ್ಲೆಗಳಿವೆ, ಅವನ್ನು ಬಿಡಲು ಮಿತವ್ಯಯ ಒಪ್ಪುವುದಿಲ್ಲ. ಪಾಕಪ್ರವೀಣರು ಈ ಉಪಕರಣವನ್ನು ಮ್ಯಾಂಡೊಲಿನ್ ಎಂದೂ ಕರೆಯುತ್ತಾರೆ. ಯು. ಶ್ರೀನಿವಾಸ್ ನುಡಿಸಿದ ವಾದ್ಯಕ್ಕೂ ಇದಕ್ಕೂ ಬೇರೇನು ಸಾಮ್ಯವಿದೆಯೋ ಇಲ್ಲವೋ, ಎರಡಕ್ಕೂ ಬಂಡವಾಳ ಮಾತ್ರ ಬೆರಳೇ.

ಹಾಗಾದರೆ ಗಾರ್ಡು ಹಿಡಿಯಿರಿ ಎಂದರೆ ರಾಯರ ಮೊದಲ ಆಕ್ಷೇಪ ಸಿದ್ಧವಾಗಿರುತ್ತದೆ: "ನಮ್ಮಮ್ಮ ಈಳಿಗೆಮಣೆ ಮೇಲೆ ಕೂತು ಮದುವೆಮನೆಗಾಗುವಷ್ಟು ತರಕಾರಿ ಹೆಚ್ಚುತ್ತಿದ್ದರು. ಯಾವ ಗಾರ್ಡಿತ್ತು ಅವರಿಗೆ?" ತೂಕದ ಪ್ರಶ್ನೆಯೇ. ಅಲಗು ಕದಲದೆ ನಿಂತಿದ್ದು ತರಕಾರಿಯೇ ಅದರ ಬಳಿಗೆ ಹೋಗುವುದು ಎರಡರಲ್ಲೂ ಒಂದೇ. ಆದರೆ ಈಳಿಗೆಯ ಅಲಗು ಕಣ್ಣೆದುರು ನೆಟ್ಟಗೆ ನಿಂತಿರುತ್ತದೆ. ತರಕಾರಿ ಹಿಡಿದ ಬೆರಳುಗಳು ಅದರ ಆಚೀಚೆ ಇರುತ್ತವೆ. ಒಂದೊಂದು ಹೋಳಿಗೂ ಕೈ ತಡೆದು, ನೋಡಿ, ಮುಂದುವರಿಯುತ್ತದೆ. ಸ್ಲೈಸರಿನ ಅಲಗೋ ಮಲಗಿರುತ್ತದೆ, ಅದರ ಮೇಲೆ ತರಕಾರಿ, ತರಕಾರಿಯ ಮೇಲೆ ಅಂಗೈ, ಅಂಗೈಯ ಮೇಲೆ ರಾಯರ ಭುಜದ ಭಾರ. ಮುಚ್ಚಿಟ್ಟ ಅಲಗು ಕಾಣಿಸುವುದು ಮುಚ್ಚಿದ್ದ ತರಕಾರಿ ಮುಗಿದ ಮೇಲೆಯೇ. ಇನ್ನೂ ಒಂದು ಮಾತು: ಅಮ್ಮನಿಗೆ ಗಾರ್ಡು ಇರಲಿಲ್ಲ ಎಂದವರಾರು? ಬದನೆಕಾಯಿಯ ತೊಟ್ಟನ್ನೇ ಹಿಡಿಯಾಗಿಸಿಕೊಂಡು ಹೆಚ್ಚಿ, ಕೊನೆಗೆ ಆ ತೊಟ್ಟನ್ನು ಎಸೆದುಬಿಡುತ್ತಿದ್ದರಲ್ಲ, ಅದೇ ಅವರ ಗಾರ್ಡು.

ಎರಡನೆಯ ಆಕ್ಷೇಪ ಕರಾವಳಿಯಿಂದ ಬರುತ್ತದೆ. ಅಲ್ಲಿನ ಚಿಪ್ಸ್ ಅಂಗಡಿಗಳಲ್ಲಿ ಕಾದ ಎಣ್ಣೆಯ ಬಾಣಲೆಯ ಮೇಲೆಯೇ ಮಣೆ ಹಿಡಿದು ನೇಂದ್ರ ಬಾಳೆಕಾಯಿಯನ್ನು ಬರಿಗೈಯಲ್ಲಿ ಸರಸರನೆ ಉಜ್ಜುತ್ತಾರಲ್ಲ? ಉಜ್ಜುತ್ತಾರೆ, ಸರಿ. ಆದರೆ ಅವರ ಬುಟ್ಟಿಯಲ್ಲಿ ಇನ್ನೂ ನೂರು ಕಾಯಿ ಕಾದಿರುತ್ತದೆ, ಕೊನೆಯ ತುಣುಕಿನ ಮೇಲೆ ಅವರಿಗೆ ಮಮತೆಯಿಲ್ಲ. ಪ್ರದರ್ಶನದ ಹುಡುಗನೂ ಅಷ್ಟೆ, ಮಾತಿನ ಭರದಲ್ಲೇ ಅರ್ಧ ಮುಗಿದ ಕ್ಯಾರೆಟ್ಟನ್ನು ಬದಿಗೆಸೆದು ಹೊಸದಕ್ಕೆ ಕೈ ಹಾಕುತ್ತಾನೆ. ರಾಯರು ಅವನ ವೇಗವನ್ನು ನೋಡಿ ಕಲಿತರು, ಎಸೆಯುವುದನ್ನು ಮಾತ್ರ ಕಲಿಯಲಿಲ್ಲ. ಮೂರನೆಯ ಆಕ್ಷೇಪ ಗಾಯವಾದ ಮೇಲಿನದು: ಅಲಗು ಸ್ವಲ್ಪ ಮೊಂಡಾಗಲಿ, ಅಪಾಯ ತಾನಾಗಿ ಕಡಿಮೆಯಾಗುತ್ತದೆ ಎಂಬುದು. ಆಗುವುದು ತದ್ವಿರುದ್ಧ. ಹರಿತವಾದ ಅಲಗಿನ ಮೇಲೆ ತರಕಾರಿ ತಾನಾಗಿ ಜಾರುತ್ತದೆ. ಮೊಂಡಾದದ್ದರ ಮೇಲೆ ಒತ್ತಬೇಕು, ಒತ್ತಿದಾಗ ತರಕಾರಿ ತಡೆದು ನಿಲ್ಲುತ್ತದೆ, ಆಮೇಲೆ ತಟಕ್ಕನೆ ಜಾರುತ್ತದೆ, ಒತ್ತಿದ ಕೈ ಮಾತ್ರ ನಿಲ್ಲದೆ ಮುಂದೆ ಹೋಗುತ್ತದೆ. ಟೊಮೇಟೊ ಸಿಪ್ಪೆಯನ್ನು ಸೀಳಲಾರದ ಅಲಗಿಗೂ ಅಷ್ಟು ರಭಸದಲ್ಲಿ ಬಂದ ಬೆರಳನ್ನು ಸೀಳುವುದು ಕಷ್ಟವಲ್ಲ.

ಹಾಗಾದರೆ ಸ್ಲೈಸರನ್ನೇ ಬಿಟ್ಟುಬಿಡಬೇಕೇ? ಬೇಡ. ಒಂದೇ ದಪ್ಪದ ಹೋಳು ಒಂದೇ ಹದಕ್ಕೆ ಬೇಯುತ್ತದೆ, ಒಂದೇ ಹದಕ್ಕೆ ಒಣಗುತ್ತದೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಆಲೂಗಡ್ಡೆ ಚಿಪ್ಸ್ ಒಣಹಾಕುವವರಿಗೆ ಇದರ ಬೆಲೆ ಗೊತ್ತು: ಚಾಕುವಿನಲ್ಲಿ ಹೆಚ್ಚಿದರೆ ಕರಿಯುವಾಗ ಅರ್ಧ ಕಪ್ಪಾಗುತ್ತದೆ, ಅರ್ಧ ಮೆತ್ತಗೇ ಉಳಿಯುತ್ತದೆ. ಕೊಳ್ಳುವಾಗ ಮಾತ್ರ ರಾಯರು ಎಷ್ಟು ಅಲಗುಗಳಿವೆ ಎಂದು ಎಣಿಸುವುದನ್ನು ನಿಲ್ಲಿಸಬೇಕು. ಹನ್ನೆರಡು ಅಲಗಿನಲ್ಲಿ ಹತ್ತು ಡಬ್ಬಿಯಲ್ಲೇ ಮುದಿಯಾಗುತ್ತವೆ. ನೋಡಬೇಕಾದದ್ದು ಬೇರೆ: ಕಾಲಿಗೆ ರಬ್ಬರು ಇದ್ದು ಒದ್ದೆ ಕಟ್ಟೆಯ ಮೇಲೂ ಜಾರದೆ ನಿಲ್ಲುತ್ತದೆಯೇ, ದಪ್ಪ ಹೊಂದಿಸುವ ತಿರುಪು ಅಲಗನ್ನು ಮುಟ್ಟದೆಯೇ ತಿರುಗುತ್ತದೆಯೇ, ಬಳಸದಾಗ ಅಲಗಿನ ಸಂದನ್ನು ಪೂರ್ತಿ ಮುಚ್ಚಿಡಬಹುದೇ. ಅಲಗು ಓರೆಯಾಗಿಯೋ ಇಂಗ್ಲಿಷಿನ ವಿ ಅಕ್ಷರದಂತೆಯೋ ಇದ್ದರೆ ಮೇಲು. ಇಡೀ ತರಕಾರಿ ಒಮ್ಮೆಗೇ ಅಡ್ಡ ಅಲಗಿಗೆ ಬಡಿಯುವ ಬದಲು ಸ್ವಲ್ಪಸ್ವಲ್ಪವಾಗಿ ಎದುರಾಗುವುದರಿಂದ ಒತ್ತಡ ಕಡಿಮೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ ಗಾರ್ಡು ತನ್ನ ಕೈಗೆ ಹೊಂದುತ್ತದೆಯೇ, ತರಕಾರಿಯನ್ನು ಬಿಗಿಯಾಗಿ ಕಚ್ಚುತ್ತದೆಯೇ ಎಂದು ಅಂಗಡಿಯಲ್ಲೇ ಹಿಡಿದು ನೋಡಬೇಕು. ಹಿಡಿಯಲು ಒಗ್ಗದ ಗಾರ್ಡು ಅಟ್ಟಕ್ಕೇ ಹೋಗುತ್ತದೆ.

ಬಳಸುವಾಗಲೂ ಪಾಲಿಸಬೇಕಾದ ನೇಮ ನಾಲ್ಕೇ. ದುಂಡನೆಯ ತರಕಾರಿಯ ಒಂದು ಬದಿಯನ್ನು ಚಾಕುವಿನಿಂದ ಕೊಯ್ದು ಸಮತಟ್ಟು ಮಾಡಿಕೊಂಡರೆ ಅದು ಉರುಳುವುದಿಲ್ಲ. ಸುವರ್ಣಗಡ್ಡೆಯಂಥ ಗಟ್ಟಿ ಪಿಂಡಗಳನ್ನು ಚಾಕುವಿಗೇ ಬಿಡಬೇಕು. ತೊಳೆಯುವಾಗ ಸಿಂಕಿನ ನೊರೆನೀರಿನಲ್ಲಿ ಮುಳುಗಿಸಿಡಬಾರದು, ಇನ್ನೊಬ್ಬರು ಲೋಟಕ್ಕೆಂದು ಕೈ ಹಾಕಿ ಅಲಗನ್ನು ಹಿಡಿದಾರು. ನಲ್ಲಿಯ ಕೆಳಗೆ ಹಿಡಿದು, ಅಲಗಿನ ಬೆನ್ನಿಂದ ಬಾಯಿಯ ಕಡೆಗೆ ಬ್ರಷ್ ಎಳೆದರೆ ಸಾಕು. ಅಲಗು ತಾಳುವ ಗ್ಲೌಸ್ ಹಾಕಿಕೊಳ್ಳುತ್ತೇನೆ, ಗಾರ್ಡು ಯಾಕೆ ಎಂದರೆ, ಗ್ಲೌಸ್ ಗೀರನ್ನು ತಡೆದೀತು, ಭಾರ ಹಾಕಿ ನುಗ್ಗಿದ ಕೈಯನ್ನು ಪೂರ್ತಿ ಕಾಯುವ ಭರವಸೆಯಿಲ್ಲ. ಇಷ್ಟಾದರೂ ಕುಯ್ದುಕೊಂಡರೆ, ರಾಯರು ಓಡುವುದು ಕಾಫಿಪುಡಿ ಡಬ್ಬಿಗೆ, ಹೆಂಡತಿ, "ರೀ, ಅರಿಶಿನ ಮೆತ್ತಿ!" ಎಂದು ಕೂಗುತ್ತಾರೆ. ಎರಡೂ ಬೇಡ. ಗಾಯದೊಳಗಿನ ಪುಡಿಯನ್ನೆಲ್ಲ ಆಮೇಲೆ ಡಾಕ್ಟರೇ ಕೆದಕಿ ತೊಳೆಯಬೇಕಾಗುತ್ತದೆ. ಶುಭ್ರವಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು, ಕೈ ಮೇಲೆತ್ತಬೇಕು. ನಡುನಡುವೆ ಬಟ್ಟೆ ತೆಗೆದು ನೋಡುವ ಕುತೂಹಲ ಬೇಡ. ರಕ್ತ ನಿಲ್ಲದಿದ್ದರೆ, ಇಲ್ಲವೇ ಬೆರಳ ತುದಿಯ ಚೂರೇ ಹೋಗಿದ್ದರೆ, ಆಸ್ಪತ್ರೆಗೆ ಹೊರಡಬೇಕು. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂಬುದನ್ನೂ ಅಲ್ಲೇ ಕೇಳಬೇಕು.

ಇನ್ನುಳಿದದ್ದು ರಾಯರ ಕಟ್ಟಕಡೆಯ, ಕಡು ಪ್ರಾಮಾಣಿಕ ಆಕ್ಷೇಪ: "ಗಾರ್ಡು ಹಾಕಿದರೆ ಕೊನೆಯ ತುಂಡು ದಂಡವಲ್ಲವೇ?" ಅವರನ್ನು ಬಲ್ಲವರು ಈ ಮಾತಿಗೆ ನಗುವುದಿಲ್ಲ. ಟೂತ್‌ಪೇಸ್ಟಿನ ಟ್ಯೂಬನ್ನು ಬುಡದಿಂದ ಸುತ್ತಿ ಸುತ್ತಿ ಹಿಂಡುವವರು, ಸವೆದ ಸೋಪಿನ ಚೂರನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವವರು ಅವರೇ. ಆ ಗುಣದಿಂದಲೇ ಸಂಸಾರ ನಿಂತದ್ದು. ಆದರೆ ಸೋಪಿನ ಚೂರಿನ ಕೆಳಗೆ ಅಲಗಿಲ್ಲ. 15 ಸೆಂಟಿಮೀಟರಿನಲ್ಲಿ 2 ಎಂದರೆ ಕ್ಯಾರೆಟ್ಟಿನ ಎಂಟರಲ್ಲೊಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಅದೂ ದಂಡವಾಗುವುದಿಲ್ಲ: ಚಾಕುವಿನಿಂದ ನಾಲ್ಕು ಹೋಳು ಮಾಡಿದರೆ ಸಂಜೆಯ ಹುಳಿಗಾಯಿತು. ಮಿತವ್ಯಯದ ಉಳಿತಾಯವೂ ಹುಳಿಯಲ್ಲೇ ಸಿಗುತ್ತದೆ, ಆ ಹುಳಿಯನ್ನು ಕಲಸಿಕೊಳ್ಳಲು ಬೆರಳೂ ಉಳಿದಿರುತ್ತದೆ.